ಹೊಳೆಯ ಲೆಕ್ಕ ಇಡುವವರು

(ಮಲೆನಾಡಿನ ಒಂದು ಓದುಗ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿವರಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೀನು ಹಿಡಿಯುವುದನ್ನು ಈ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಏರಿದ ರಾತ್ರಿ, ಟಾರ್ಚು ಕತ್ತಿ ಹಿಡಿದು ಗದ್ದೆ ಬದುವಿನ ಮೇಲೆ ಓಡಿದವರು ಇಲ್ಲಿ ಅರ್ಧಕ್ಕರ್ಧ ಜನ ಇದ್ದೀರಿ. ನಾನೂ ಓಡಿದವನೇ. ಹತ್ಮೀನಿನ ಸಾರಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಆದರೆ ಆ ಮೀನು ಅಷ್ಟು ಕಷ್ಟಪಟ್ಟು ನೀರಿಗೆದುರಾಗಿ ಯಾಕೆ ಹತ್ತುತ್ತಿತ್ತು, ಅದರ ಹೊಟ್ಟೆಯಲ್ಲಿ ಏನಿತ್ತು ಎಂಬುದನ್ನು ಆಗ ಒಂದು ದಿನವೂ ಯೋಚಿಸಿದವನಲ್ಲ. ಮೀನು ಸೀಳುವಾಗ ಅಮ್ಮ ಮೊಟ್ಟೆಯ ಗಂಟನ್ನು ಬೇರೆ ಬಟ್ಟಲಿಗೆ ಹಾಕುತ್ತಿದ್ದಳು, ಅದನ್ನು ಹುರಿದು ಕೊಡುತ್ತಿದ್ದಳು. ಮೊಟ್ಟೆಯಿಡಲು ಹೊರಟ ಮೀನನ್ನೇ ನಾವು ಹುಡುಕಿ ಹೊಡೆಯುತ್ತಿದ್ದೆವು. ಇದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ, ಇಲ್ಲಿಂದ ಬಹಳ ದೂರದ ಒಂದು ಹೊಳೆಯ ದಡದಲ್ಲಿ. ಆ ಹೊಳೆಯ ಹೆಸರು ತೀರ್ಥನ್.

ಹಿಮಾಚಲದ ಕುಲ್ಲೂ ಜಿಲ್ಲೆಯಲ್ಲಿ, ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನ ಮೇಲುಗಡೆ ಹಿಮದಲ್ಲಿ ಹುಟ್ಟಿ, ಗುಶೈನಿ, ಬಂಜಾರ್ ದಾಟಿ, ಲಾರ್ಜಿ ಎಂಬಲ್ಲಿಗೆ ಇಳಿದು ಬಿಯಾಸ್ ಸೇರುತ್ತದೆ. ಆ ಪಾರ್ಕು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೊಳೆ ನಮ್ಮ ತುಂಗೆಯ ಹಾಗೆ ಅಗಲವಿಲ್ಲ. ಬಹಳ ಕಡೆ ಈ ದಡದಿಂದ ಆ ದಡಕ್ಕೆ ಕಲ್ಲೆಸೆಯಬಹುದು. ನೀರು ಮಾತ್ರ ಕನ್ನಡಿ. ಅಲ್ಲಿ ಬ್ರೌನ್ ಟ್ರೌಟ್ ಎಂಬ ಮೀನಿದೆ. ಅದನ್ನು ಫ್ಲೈ ಗಾಳದಿಂದ ಹಿಡಿದು ಮರಳಿ ಬಿಡುವುದಕ್ಕೆ ದೇಶದ ನಾನಾ ಕಡೆಯಿಂದ ಜನ ಬರುತ್ತಾರೆ. ಊರಿನ ಹುಡುಗರು ಗೈಡುಗಳಾಗಿ ಕರೆದೊಯ್ಯುತ್ತಾರೆ. ಅಂಥ ಒಬ್ಬರ ಜೊತೆ ನಾನು ಮೂರು ಬೇಸಿಗೆ ಹೋಗಿದ್ದೇನೆ.

ಫ್ಲೈ ಗಾಳ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಗಾಳದಲ್ಲಿ ಎರೆಹುಳು ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಎಸೆಯುತ್ತೇವೆ. ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಕೊಕ್ಕೆಗೆ ಭಾರವೇ ಇಲ್ಲ. ಹುಂಜದ ಕುತ್ತಿಗೆಯ ಪುಕ್ಕ, ನವಿಲುಗರಿಯ ಎಳೆ, ಮೊಲದ ಕೂದಲು ಸುತ್ತಿ ಹುಳುವಿನ ಹಾಗೆ ಕಾಣುವಂತೆ ಕಟ್ಟಿದ ಕೊಕ್ಕೆ ಅದು, ಊದಿದರೆ ಹಾರೀತು. ಹಾಗಾಗಿ ದಾರಕ್ಕೇ ಭಾರ ಕೊಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆದು, ಮುಂದಕ್ಕೆ ಬೀಸಬೇಕು. ಆ ಒಂದು ಕ್ಷಣ ತಡೆಯುವುದೇ ಕಷ್ಟ. ನನಗೆ ಅದು ಕೈಗೆ ಹತ್ತಲು ಒಂದು ಬೇಸಿಗೆ ಪೂರ್ತಿ ಹಿಡಿಯಿತು.

ಮೊದಲ ದಿನ ಬೆಳಗ್ಗೆ ಏಳಕ್ಕೆ ಗುಶೈನಿಯಿಂದ ಮೇಲಕ್ಕೆ ನಡೆದೆವು. ಏಪ್ರಿಲ್ ತಿಂಗಳು, ಬೆರಳು ಮರಗಟ್ಟುವ ಚಳಿ. ಹೊಳೆ ಕಂಡ ಕೂಡಲೇ ನಾನು ಕೋಲು ಜೋಡಿಸಲು ಕೂತೆ. ಗೈಡು, ನನ್ನ ಮಗನ ವಯಸ್ಸಿನ ಹುಡುಗ, ಮೆಲ್ಲಗೆ ಹೇಳಿದ: "ಬಾಬೂಜಿ, ಅದು ಆಮೇಲೆ. ಮೊದಲು ಕೂತು ನೋಡಿ." ಇಪ್ಪತ್ತು ನಿಮಿಷ ಕೂರಿಸಿದ. ಏನು ನೋಡಬೇಕು ಅಂತ ಹೇಳಲಿಲ್ಲ. ನನಗೆ ಕಂಡದ್ದು ನೀರು, ಕಲ್ಲು, ನೊರೆ.

ಆಮೇಲೆ ಅವನು ಮೊಣಕಾಲುದ್ದ ನೀರಿಗಿಳಿದು, ತಲೆಯಷ್ಟು ದೊಡ್ಡ ಕಲ್ಲೊಂದನ್ನು ಎತ್ತಿ ಮಗುಚಿ ನನ್ನೆದುರು ಹಿಡಿದ. ಕಲ್ಲಿನ ಹೊಟ್ಟೆಯ ತುಂಬ ಜೀವ. ತಟ್ಟೆಯ ಹಾಗೆ ಚಪ್ಪಟೆ ಮೈಯ, ಮೂರು ಬಾಲದ ಮರಿಹುಳುಗಳು ಏಡಿಯ ಹಾಗೆ ಅಡ್ಡಡ್ಡ ಜಾರುತ್ತಿದ್ದವು. ಅವು ಮೇಫ್ಲೈ. ಎರಡು ಬಾಲದ, ಸ್ವಲ್ಪ ದೊಡ್ಡದು ಸ್ಟೋನ್‌ಫ್ಲೈ. ಮರಳು ಮತ್ತು ಕಡ್ಡಿಯ ಚೂರನ್ನು ಅಂಟಿಸಿ ಮಾಡಿದ ಕೊಳವೆಯೊಳಗೆ ಕೂತದ್ದು ಕ್ಯಾಡಿಸ್. ಕೆಲವು ಮೇಫ್ಲೈಗಳು ಸುಮಾರು ಒಂದು ವರ್ಷ ಕಲ್ಲಿನಡಿ ಬೆಳೆದು, ಒಂದು ಸಂಜೆ ರೆಕ್ಕೆ ಬಂದು ಮೇಲೆದ್ದು, ಜೋಡಿಯಾಗಿ, ನೀರಿಗೆ ಮೊಟ್ಟೆ ಹಾಕಿ, ಒಂದೆರಡು ದಿನದೊಳಗೆ ಸಾಯುತ್ತವೆ. ರೆಕ್ಕೆ ಬಂದ ಮೇಲೆ ಅವಕ್ಕೆ ಉಣ್ಣುವ ಬಾಯಿಯೇ ಇರುವುದಿಲ್ಲ. ಟ್ರೌಟಿನ ಊಟ ಬಹುಪಾಲು ಇವೇ. ನಮ್ಮ ಡಬ್ಬಿಯಲ್ಲಿದ್ದ ಕೊಕ್ಕೆಗಳು ಇವುಗಳ ನಕಲು. ಅವತ್ತು ಅವನು ಕಟ್ಟಿಕೊಟ್ಟದ್ದು ಫೆಸೆಂಟ್ ಟೇಲ್ ಎಂಬ ಕೊಕ್ಕೆ. ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್ ಎಂಬಾತ ಫೆಸೆಂಟ್ ಹಕ್ಕಿಯ ಬಾಲದ ಎಳೆ ಮತ್ತು ತಾಮ್ರದ ತಂತಿ, ಇವೆರಡರಿಂದಲೇ ಅದನ್ನು ಕಟ್ಟಿದ. ಹೊಳೆ ಕಾಯುವ ಕೆಲಸದಲ್ಲಿದ್ದವನು ದಿನವೂ ಕಲ್ಲು ಮಗುಚಿ ನೋಡಿದ್ದರಿಂದ ಹುಟ್ಟಿದ ಕೊಕ್ಕೆ ಅದು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಪ್ರೀತಿ.

ಕಲ್ಲನ್ನು ಅವನು ಎತ್ತಿದ್ದ ಜಾಗದಲ್ಲೇ, ಎತ್ತಿದ್ದ ಮಗ್ಗುಲಲ್ಲೇ ಮರಳಿ ಇಟ್ಟ. ಜೇಬಿನಿಂದ ಥರ್ಮಾಮೀಟರ್ ತೆಗೆದು ನೀರಿಗೆ ಹಿಡಿದ: 9 ಡಿಗ್ರಿ. ಪುಟ್ಟ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ. ಈ ನೋಟ್‌ಬುಕ್ಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಉಷ್ಣತೆ ಯಾಕೆ ಮುಖ್ಯ? ತಣ್ಣನೆಯ ನೀರು ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ, 25 ಡಿಗ್ರಿಗೆ ಏರಿದರೆ ಸುಮಾರು 8. ಬ್ರೌನ್ ಟ್ರೌಟ್ ತಣ್ಣೀರಿನ ಪ್ರಾಣಿ. 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರು ಭಾರ. 25ರ ಆಚೆ ಬದುಕುವುದೇ ಕಷ್ಟ. ಬೇಸಿಗೆಯ ಮಧ್ಯಾಹ್ನ ನೀರು ಬೆಚ್ಚಗಾದರೆ ಒಳ್ಳೆಯ ಗೈಡು ಕೋಲು ಮಡಿಸುತ್ತಾನೆ. ಆ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಗುದ್ದಾಡಿದ ಮೀನನ್ನು ಬಿಟ್ಟರೂ ಅದು ಸುಧಾರಿಸಿಕೊಳ್ಳದೆ ಸಾಯಬಹುದು.

ಇನ್ನು ನೀರು ಓದುವ ಪಾಠ. ನಾನು ಈ ಮೂರು ಬೇಸಿಗೆಯಲ್ಲಿ ಕಲಿತದ್ದರಲ್ಲಿ ಇದೇ ದೊಡ್ಡದು, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಟ್ರೌಟ್ ಯಾವಾಗಲೂ ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ಅದಕ್ಕೆ ಮೂರು ಬೇಕು: ಈಜಿ ಸುಸ್ತಾಗದಂಥ ನಿಧಾನ ನೀರು, ಪಕ್ಕದಲ್ಲೇ ಊಟ ಹೊತ್ತು ತರುವ ಸೆಳೆತದ ನೀರು, ಅಪಾಯ ಬಂದರೆ ನುಗ್ಗಲು ಮರೆ. ಈ ಮೂರೂ ಕೂಡುವ ಜಾಗ ಹೊಳೆಯಲ್ಲಿ ಎಲ್ಲೆಲ್ಲಿದೆ ಅಂತ ಗೊತ್ತಾದರೆ ಮೀನು ಎಲ್ಲಿದೆ ಅಂತ ಗೊತ್ತಾದ ಹಾಗೆ. ಬಂಡೆಯ ಹಿಂದೆ ನೀರು ತಿರುಗುವ ಜಾಗ ಎಲ್ಲರಿಗೂ ಕಾಣುತ್ತದೆ. ಬಂಡೆಯ ಮುಂದೆಯೂ, ನೀರು ಬಂದು ಬಡಿದು ಹಿಂದಕ್ಕೆ ಒತ್ತುವಲ್ಲಿ, ದಿಂಬಿನ ಹಾಗೆ ಮೆತ್ತನೆಯ ಒಂದು ಜಾಗ ಇರುತ್ತದೆ. ದೊಡ್ಡ ಮೀನು ಅಲ್ಲಿ ನಿಲ್ಲುವುದುಂಟು. ವೇಗದ ನೀರು ಮತ್ತು ನಿಧಾನದ ನೀರು ಒಂದನ್ನೊಂದು ತಾಗುವಲ್ಲಿ, ಸೀರೆಗೆ ಅಂಚು ಹೊಲಿದ ಹಾಗೆ ಒಂದು ಗೆರೆ ಏಳುತ್ತದೆ. ಆ ಗೆರೆಯ ಮೇಲೆ ನೊರೆ ಸಾಲಾಗಿ ಹೋಗುತ್ತದೆ. "ನೊರೆ ಹೋಗುವ ದಾರಿಯಲ್ಲೇ ಹುಳ ಹೋಗುತ್ತದೆ, ಬಾಬೂಜಿ. ನೊರೆ ನೋಡಿ." ಇಪ್ಪತ್ತು ನಿಮಿಷ ಕೂರಿಸಿ ನೋಡಿಸಿದ್ದು ಇದನ್ನೇ. ನನಗೆ ನೊರೆ ಕಂಡಿತ್ತು, ಅದು ಹೋಗುವ ದಾರಿ ಕಂಡಿರಲಿಲ್ಲ.

ನೀರಿನೊಳಗಿನಿಂದ ಹೊರಗಿನ ಲೋಕ ಹೇಗೆ ಕಾಣುತ್ತದೆ ಎಂಬುದು ಮತ್ತೊಂದು ಪಾಠ. ಬೆಳಕು ನೀರಿಗೆ ಇಳಿಯುವಾಗ ಬಾಗುತ್ತದೆ. ಹಾಗಾಗಿ ಮೀನಿಗೆ ಹೊರಗಿನ ಪ್ರಪಂಚವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯೊಳಗೆ, ಸುಮಾರು 97 ಡಿಗ್ರಿ ಕೋನದೊಳಗೆ ಅಡಕವಾಗಿ ಕಾಣುತ್ತದೆ. ದಡದ ಮೇಲೆ ನೆಟ್ಟಗೆ ನಿಂತರೆ ನೀವು ಆ ಕಿಟಕಿಯಲ್ಲಿದ್ದೀರಿ. ಕುಕ್ಕರಗಾಲಿನಲ್ಲಿ ಕೂತು, ಕೆಳಗಿನಿಂದ ಮೇಲಕ್ಕೆ, ಮೀನಿನ ಬೆನ್ನ ಕಡೆಯಿಂದ ಹೋದರೆ ಕಾಣುವುದು ಕಮ್ಮಿ. ಇಡೀ ದಿನ ಮಂಡಿಯೂರಿ ನಡೆದದ್ದು ಹೀಗೆ. ಕೊಕ್ಕೆ ಇಳಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ದಾರದ ನಡುಭಾಗವನ್ನು ವೇಗದ ನೀರು ಎಳೆದರೆ ಹುಸಿಹುಳು ನಿಜದ ಹುಳುವಿಗಿಂತ ಬೇಗ ಓಡುತ್ತದೆ, ಮೀನು ನಂಬುವುದಿಲ್ಲ. ಎಳೆಯುವ ಮೊದಲೇ ದಾರದ ಆ ಭಾಗವನ್ನು ಎತ್ತಿ ಮೇಲ್ಗಡೆಗೆ ಹಾಕಬೇಕು. ಗೈಡು ನನ್ನ ಹೆಗಲ ಹಿಂದೆ ನಿಂತು ಇದೊಂದನ್ನೇ ನೂರು ಸಲ ಹೇಳಿರಬಹುದು, ಒಮ್ಮೆಯೂ ಸಿಡುಕದೆ.

ಗಾಳದ ವಿನೋದ ಬಿಳಿಯರಿಂದ ಬಂದದ್ದು ಅಂತ ಕೆಲವರು ಮೂಗು ಮುರಿಯುತ್ತಾರೆ. ಅವರಿಗಾಗಿ ಒಂದು ಮಾತು. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಸಮುದ್ರದ ಮೀನು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು ಇಲ್ಲದವು ಯಾವುವು, ಯಾವುದಕ್ಕೆ ಯಾವ ಉಂಡೆ ಹಾಕಿ ಪಳಗಿಸಬೇಕು ಅಂತ ವಿವರವಾಗಿ ಬರೆದಿದೆ. ಮೀನು ವಿಜ್ಞಾನಿ ಸುಂದರ್‌ಲಾಲ್ ಹೋರಾ ಇದನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ನಮ್ಮ ಬಸವಕಲ್ಯಾಣದ ನೆಲದಲ್ಲಿ ಒಂಬೈನೂರು ವರ್ಷದ ಹಿಂದೆ ಮೀನಿನ ಊಟದ ಲೆಕ್ಕ ಬರೆದಿಟ್ಟವರಿದ್ದರು.

ಈಗ ನೋಟ್‌ಬುಕ್ಕಿನ ವಿಷಯ.

ಎರಡನೆಯ ಬೇಸಿಗೆಯಲ್ಲಿ ನನಗೊಂದು ಒಳ್ಳೆಯ ಮೀನು ಸಿಕ್ಕಿತು. ಮೊಳಕೈಯಷ್ಟು ಉದ್ದ, ಬೆಣ್ಣೆ ಬಣ್ಣದ ಹೊಟ್ಟೆ, ಮೈತುಂಬ ಕೆಂಪು ಕಪ್ಪು ಚುಕ್ಕೆ. ಒದ್ದೆ ಕೈಯಲ್ಲಿ ಹಿಡಿಯಬೇಕು, ನೀರಿನಿಂದ ಪೂರ್ತಿ ಎತ್ತಬಾರದು, ಮುಳ್ಳಿಲ್ಲದ ಕೊಕ್ಕೆಯನ್ನು ತಕ್ಷಣ ಬಿಡಿಸಬೇಕು ಎಂದೆಲ್ಲ ನನಗೆ ಗೊತ್ತಿತ್ತು. ಆದರೂ ಫೋಟೋಕ್ಕೆ ಅಂತ ಎತ್ತಿ ಹಿಡಿದೆ. ಒಂದು ಫೋಟೋ ಅಲುಗಿತು ಅಂತ ಮತ್ತೊಂದು. ಬಿಟ್ಟಾಗ ಅದು ಮಗ್ಗುಲಾಯಿತು. ಗೈಡು ನೀರಿಗಿಳಿದು, ಅದರ ಮುಖವನ್ನು ಹರಿವಿಗೆ ಮಾಡಿ, ಎರಡೂ ಕೈಯಲ್ಲಿ ತೊಟ್ಟಿಲಿನ ಹಾಗೆ ಹಿಡಿದು ಕಾದ. ಕಾಲು ಗಂಟೆ ಕಾದ. ಆ ಕೊರೆಯುವ ನೀರಿನಲ್ಲಿ ಅವನ ಕೈ ಕೆಂಪಾದದ್ದು ನೆನಪಿದೆ. ಮೀನು ಏಳಲಿಲ್ಲ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಸಂಜೆ ಚಹಾ ಕುಡಿಯುವಾಗ ನೋಟ್‌ಬುಕ್ ತೆಗೆದು ಬರೆದ. ಏನು ಬರೆದೆ ಅಂತ ಕೇಳಿದೆ. ಓದಿದ: ತಾರೀಖು, ನೀರು 12 ಡಿಗ್ರಿ, ತಿಳಿ, ಮಧ್ಯಾಹ್ನದ ಮೇಲೆ ಹಿಮ ಕರಗಿ ಅರ್ಧ ಗೇಣು ಏರಿತು, ಕ್ಯಾಡಿಸ್ ಹೆಚ್ಚು, ಐದು ಮೀನು, ನಾಲ್ಕು ಬಿಟ್ಟದ್ದು, ಒಂದು ಸತ್ತಿತು.

ಆ "ಒಂದು ಸತ್ತಿತು" ನನ್ನನ್ನು ಬಹಳ ದಿನ ಬಿಡಲಿಲ್ಲ. ಅಷ್ಟೂ ವರ್ಷ ಈ ಮಲೆನಾಡಿನಲ್ಲಿ ನಾವು ಹೊಡೆದ ಹತ್ಮೀನು, ಕೂಣಿ ಎಂಬ ಬಿದಿರಿನ ಬುಟ್ಟಿಯಲ್ಲಿ ಹಿಡಿದದ್ದು, ಯಾರೋ ಸಿಡಿಮದ್ದಿನ ತೋಟೆ ಹಾಕಿದಾಗ ಬೆಳ್ಳಗೆ ತೇಲಿದ ರಾಶಿ, ಇವುಗಳ ಲೆಕ್ಕ ಯಾರು ಬರೆದಿದ್ದಾರೆ? ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಹಿಮಾಚಲದಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡಿ ಮೊಟ್ಟೆಯಿಡುವ ಕಾಲ ಅದು. ಆ ನಾಲ್ಕು ತಿಂಗಳು ನನ್ನ ಗೈಡು ಸಂಪಾದನೆಯಿಲ್ಲದೆ ಇರುತ್ತಾನೆ, ಆದರೂ ಹೊಳೆಗೆ ಹೋಗುತ್ತಾನೆ. ಎಲ್ಲಿ ಜಲ್ಲಿ ಕೆದರಿದೆ ಅಂತ ನೋಡಿ ಗುರುತು ಹಾಕಿಕೊಳ್ಳುತ್ತಾನೆ, ರಾತ್ರಿ ಬಲೆ ಹಾಕುವವರು ಬಂದರೆ ಊರಿಗೆ ಸುದ್ದಿ ಮುಟ್ಟಿಸುತ್ತಾನೆ.

ಇಂಥ ಲೆಕ್ಕಕ್ಕೆ ಏನು ಬೆಲೆ ಎಂಬುದಕ್ಕೆ ನಮ್ಮ ಕಾವೇರಿಯಲ್ಲೇ ಸಾಕ್ಷಿ ಇದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಕ್ಯಾಂಪುಗಳ ಹೆಸರು ಕೇಳಿರುತ್ತೀರಿ. ಆ ಕಡೆಯವರು ಬಿಳಿಮೀನು ಎನ್ನುವ ಮಹಶೀರ್ ಹಿಡಿಯಲು ಹೊರದೇಶಗಳಿಂದ ಜನ ಬರುತ್ತಿದ್ದರು. ಬೆಂದ ರಾಗಿಹಿಟ್ಟಿನ ಉಂಡೆಯೇ ಗಾಳದ ಮೇವು, ಹರಿಗೋಲೇ ವಾಹನ. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಅಲ್ಲಿ ಗೈಡುಗಳಾದರು; ಹೊಳೆಯ ಮಡು, ಬಂಡೆ, ಸುಳಿ ಅವರಷ್ಟು ತಿಳಿದವರು ಬೇರೆ ಇರಲಿಲ್ಲ. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಬಿಡುತ್ತಿದ್ದರು. ಗೂನು ಬೆನ್ನಿನ ಮಹಶೀರ್ ಕಾವೇರಿಯ ಸೀಮೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು ತೂಗಿತ್ತು.

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದ ಆ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಆಮೇಲೆ ಕೂತು ಓದಿದರು. ಆಗ ಕಂಡದ್ದು ಹೀಗೆ: ಸಿಗುತ್ತಿದ್ದ ಮಹಶೀರ್ ಸಂಖ್ಯೆ ಏರುತ್ತಿತ್ತು, ಆದರೆ ಏರುತ್ತಿದ್ದದ್ದು ನೀಲಿ ರೆಕ್ಕೆಯದ್ದು. ಲೋನಾವಳದ ಮರಿ ಸಾಕಣೆ ಕೇಂದ್ರದಿಂದ ತಂದು ಒಳ್ಳೆಯ ಮನಸ್ಸಿನಿಂದಲೇ ಬಿಟ್ಟ ತಳಿ ಅದು. ಗೂನು ಬೆನ್ನಿನದು ವರ್ಷದಿಂದ ವರ್ಷಕ್ಕೆ ಕರಗುತ್ತಿತ್ತು. ಸಿಕ್ಕ ಕೆಲವೂ ಹಳೆಯ ದೊಡ್ಡ ಮೀನುಗಳು, ಮರಿಗಳು ಕಾಣದಾಗಿದ್ದವು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಯಿತು, ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಗಮನಿಸಿ, ಆ ಪುಸ್ತಕ ಇಲ್ಲದಿದ್ದರೆ ಹೊರಗಿನಿಂದ ನೋಡಿದವರು "ಕಾವೇರಿಯಲ್ಲಿ ಮಹಶೀರ್ ಹೆಚ್ಚಾಗಿದೆ" ಅಂತಲೇ ಸಂತೋಷಪಡುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತ ಮೇಲೆ ಆ ಲೆಕ್ಕವೂ ನಿಂತಿತು. ವನ್ಯಜೀವಿ ಕಾನೂನನ್ನು ನಾನು ಗೌರವಿಸುತ್ತೇನೆ. ಮೀನಿನ ಬಾಯಿಗೆ ಕೊಕ್ಕೆ ಹಾಕುವುದು ಹಿಂಸೆಯೇ ಹೌದು ಎಂದು ವಾದಿಸುವ ಗೆಳೆಯರೂ ನನಗಿದ್ದಾರೆ, ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ದಿನವೂ ಹೊಳೆಯ ಮೇಲಿದ್ದು ಬರೆಯುತ್ತಿದ್ದ ಕಣ್ಣುಗಳನ್ನು ಕಳೆದುಕೊಂಡಾಗ, ಅವುಗಳ ಜಾಗಕ್ಕೆ ಬೇರೆ ಕಣ್ಣುಗಳನ್ನು ಕೂರಿಸಬೇಕಿತ್ತು.

ಹೊರಗಿನ ತಳಿಯ ಮಾತು ಬಂದದ್ದರಿಂದ ಟ್ರೌಟ್ ಬಗ್ಗೆಯೂ ಹೇಳಲೇಬೇಕು. ಅದೂ ಹಿಮಾಲಯದ್ದಲ್ಲ. 1899ರಲ್ಲಿ ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಕಳಿಸಿದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು, ಮರುವರ್ಷ ಬಂದವು ಉಳಿದವು. ಅಲ್ಲಿಂದ 1909ರಲ್ಲಿ ಹೋವೆಲ್ ಎಂಬ ಅಧಿಕಾರಿ ಕುಲ್ಲೂಗೆ ತಂದರು. ಅದಕ್ಕೂ ಮೊದಲು ಆ ಹೊಳೆಗಳಲ್ಲಿದ್ದದ್ದು ಉತ್ತರಾಖಂಡದವರು ಅಸೇಲಾ ಎನ್ನುವ ಹಿಮದ ನೀರಿನ ಮೀನು. ಅದು ಇವತ್ತು ಅಪಾಯದಲ್ಲಿರುವ ತಳಿ. ಟ್ರೌಟ್ ಅದರ ಜಾಗವನ್ನೂ ಊಟವನ್ನೂ ಕಿತ್ತುಕೊಳ್ಳುತ್ತದೆ. ನಾನು ಪ್ರೀತಿಸುವ ಮೀನು ಮತ್ತೊಂದಕ್ಕೆ ಕಂಟಕ ಎಂಬುದನ್ನು ಒಪ್ಪಿಕೊಂಡೇ ಈ ಮಾತಾಡುತ್ತಿದ್ದೇನೆ. ನನ್ನ ಗೈಡಿನ ನೋಟ್‌ಬುಕ್ಕಿನಲ್ಲಿ ಅಸೇಲಾಕ್ಕೂ ಒಂದು ಕಾಲಮ್ಮಿದೆ. ಮೂರನೆಯ ಬೇಸಿಗೆಯಲ್ಲಿ ನೋಡಿದಾಗ ಬಹಳ ಪುಟಗಳಲ್ಲಿ ಅದು ಖಾಲಿಯಿತ್ತು.

ಹಾಗಿದ್ದೂ ಈ ಪರಕೀಯ ಮೀನು ಆ ಹೊಳೆಗೆ ಒಂದು ಉಪಕಾರ ಮಾಡಿದೆ. ತೀರ್ಥನ್ ಮೇಲೆ ಹಲವು ಸಣ್ಣ ಜಲವಿದ್ಯುತ್ ಯೋಜನೆಗಳು ಬರುವುದಿದ್ದವು. ಮಾಜಿ ಶಾಸಕ ದಿಲೇರಾಮ್ ಶಬಾಬ್ ಅವರ ಮುಂದಾಳತ್ವದಲ್ಲಿ ಊರವರು ಹೈಕೋರ್ಟಿನವರೆಗೆ ಹೋಗಿ ಅವುಗಳನ್ನು ತಡೆದರು. ಟ್ರೌಟ್ ಮತ್ತು ಅದನ್ನು ನಂಬಿದ ಬದುಕು ಅವರ ವಾದದ ಒಂದು ಭಾಗವಾಗಿತ್ತು. ಕೆಳಗೆ ಲಾರ್ಜಿಗೆ ಬಂದರೆ ಅಣೆಕಟ್ಟಿನ ಹಿಂದೆ ನೀರು ನಿಂತು ಹೊಳೆ ಕೆರೆಯಾಗಿರುವುದು ಕಾಣುತ್ತದೆ. ಬಸ್ಸಿನಲ್ಲಿ ಅಲ್ಲಿಂದ ಮೇಲಕ್ಕೆ ಹೋಗುವಾಗ ಒಂದು ತಿರುವಿನಲ್ಲಿ ಸದ್ದು ಮರಳುತ್ತದೆ, ಹರಿಯುವ ನೀರಿನ ಸದ್ದು. ಪ್ರತಿ ಸಲವೂ ಅಲ್ಲಿ ನನ್ನ ಗಂಟಲು ಕಟ್ಟುತ್ತದೆ.

ನಮ್ಮಲ್ಲಿ ಹೊಳೆ ಕಾಯುವ ಸಂಪ್ರದಾಯ ಇಲ್ಲದಿಲ್ಲ. ಶೃಂಗೇರಿಯಲ್ಲಿ, ಚಿಪ್ಪಲಗುಡ್ಡೆಯಲ್ಲಿ, ಶಿಶಿಲದಲ್ಲಿ ದೇವರ ಮೀನುಗಳಿವೆ, ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ. ಆದರೆ 1996ರಲ್ಲಿ ಶಿಶಿಲದ ಕಪಿಲೆಗೆ ವಿಷ ಬಿದ್ದು ಸಾವಿರಾರು ಮೀನು ಸತ್ತವು. ದೇವಸ್ಥಾನದ ಮೆಟ್ಟಿಲಿನಿಂದ ಕಣ್ಣಿಗೆ ಬೀಳುವಷ್ಟು ದೂರ ಮಾತ್ರ ನಮ್ಮ ಭಕ್ತಿಯ ಕಾವಲು. ಅದರಾಚೆಯ ಹಳ್ಳ ಯಾರದು?

ಗೈಡಿನ ಜೊತೆ ಹೋಗಬೇಕೆಂದಿರುವವರಿಗೆ ಚಿಕ್ಕದಾಗಿ: ಮೀನುಗಾರಿಕೆ ಇಲಾಖೆಯ ಪರವಾನಗಿ ಇಲ್ಲದೆ ಕರೆದೊಯ್ಯುತ್ತೇನೆ ಅನ್ನುವವರ ಜೊತೆ ಹೋಗಬೇಡಿ. ಮಾರ್ಚ್‌ನಿಂದ ಮಳೆಗೆ ಮೊದಲು, ಇಲ್ಲವೇ ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರಿನೊಳಗೆ ಹೋಗಿ. ಎಷ್ಟು ಮೀನು ಸಿಗುತ್ತದೆ ಅಂತ ಕೇಳುವ ಬದಲು, ಕಳೆದ ವರ್ಷ ನೀರು ಹೇಗಿತ್ತು ಅಂತ ಕೇಳಿ. ಉತ್ತರ ಕೇಳಿದರೆ ಗೈಡು ಎಂಥವನು ಅಂತ ತಿಳಿಯುತ್ತದೆ.

ಊರಿಗೆ ಮರಳಿದ ಮೇಲೆ ನಾನೂ ಒಂದು ಥರ್ಮಾಮೀಟರ್ ಕೊಂಡೆ. ಹೋದ ಜನವರಿಯಿಂದ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ತಿಂಗಳಿಗೆರಡು ಸಲ ಕಲ್ಲು ಮಗುಚಿ ನೋಡುತ್ತಿದ್ದೇನೆ. ಮೊದಲ ದಿನ ಬೆಳಗ್ಗೆ ನೀರು 19 ಡಿಗ್ರಿ. ಹಿಮಾಲಯದಲ್ಲಿ ಕಂಡಿದ್ದ ಅದೇ ಚಪ್ಪಟೆ ಮೇಫ್ಲೈಯ ಬಂಧುಗಳು, ಕ್ಯಾಡಿಸ್ ಗೂಡುಗಳು, ಒಂದೇ ಒಂದು ಸ್ಟೋನ್‌ಫ್ಲೈ, ಬಂಡೆಗೆ ಬಾಯಿಂದ ಅಂಟಿಕೊಂಡ ಪುಟ್ಟ ಮೀನುಗಳು. ಅರವತ್ತು ವರ್ಷ ಆ ಹಳ್ಳ ದಾಟಿದ್ದೇನೆ, ಇವು ಇಲ್ಲಿವೆ ಅಂತ ಗೊತ್ತಿರಲಿಲ್ಲ. ಶುಂಠಿ ಗದ್ದೆಯ ನೀರು ಸೇರುವ ಜಾಗದಿಂದ ಕೆಳಗೆ ನೋಡಿದೆ. ಅಲ್ಲಿ ಸ್ಟೋನ್‌ಫ್ಲೈ ಒಂದೂ ಇರಲಿಲ್ಲ, ಮೇಫ್ಲೈ ಮೂರು. ಅದನ್ನೂ ಬರೆದಿಟ್ಟಿದ್ದೇನೆ.

ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಹಳ್ಳದ ಸಂಕದ ಹತ್ತಿರ ಇರುತ್ತೇನೆ. ಜಾರದ ಚಪ್ಪಲಿ ಹಾಕಿಕೊಂಡು ಬನ್ನಿ, ಮಕ್ಕಳನ್ನೂ ಕರೆತನ್ನಿ. ಒಂದು ಬಿಳಿ ತಟ್ಟೆ, ಒಂದು ನೋಟ್‌ಬುಕ್ ಸಾಕು. ಥರ್ಮಾಮೀಟರ್ ನನ್ನ ಹತ್ತಿರ ಎರಡಿವೆ.